ಮೈಕ್ರೋವೆಸಿಕಲ್ ಅಂದ್ರೆ ಜೀವಕೋಶದ ಕಸಾನಾ, ಕಾಗದಾನಾ?

ಕುತೂಹಲಿ:

ಎಲ್ರಿಗೂ ನಮಸ್ಕಾರ. ಪ್ರಶ್ನೆ ಉದ್ದ ಇದೆ, ಮೊದಲೇ ಸಾರಿ. ಬಯೋಕೆಮಿಸ್ಟ್ರಿ ಎಂಎಸ್ಸಿ ಮೊದಲನೇ ವರ್ಷ ನಾನು, ಮುಂದಿನ ವಾರ ಕ್ಲಾಸಲ್ಲಿ ಸೆಮಿನಾರ್ ಕೊಡ್ಬೇಕು, ನಂಗೆ ಸಿಕ್ಕಿರೋ ಟಾಪಿಕ್ಕು ಜೀವಕೋಶಗಳಿಂದ ಕಳಚಿ ಬರೋ ಮೈಕ್ರೋವೆಸಿಕಲ್ ಅನ್ನೋ ಪುಟ್ಟ ಗುಳ್ಳೆಗಳು, ಆರೋಗ್ಯದಲ್ಲಿ ಅವು ಏನ್ಮಾಡ್ತವೆ ಕಾಯಿಲೇಲಿ ಏನ್ಮಾಡ್ತವೆ ಅಂತ. ಸುಲಭ ಇರತ್ತೆ ಅನ್ಕೊಂಡು ಒಪ್ಕೊಂಡೆ, ನಾಲ್ಕು ದಿನ ಓದಿದ್ಮೇಲೆ ಮೊದಲು ಗೊತ್ತಿದ್ದಿದ್ದೂ ಮರ್ತೋಗಿದೆ.

ಒಂದು ಕಡೆ ಮೈಕ್ರೋವೆಸಿಕಲ್ ಅಂತಾರೆ, ಇನ್ನೊಂದ್ಕಡೆ ಮೈಕ್ರೋಪಾರ್ಟಿಕಲ್, ಮತ್ತೊಂದ್ಕಡೆ ಎಕ್ಸೋಸೋಮ್, ಎಕ್ಟೋಸೋಮ್, ಈಗೀಗ ಅದೆಲ್ಲಾ ಬಿಟ್ಟು ಬರೀ ಇವಿ ಅಂತಾರೆ. ಹೆಸರು ಹೋಗ್ಲಿ ಬಿಡಿ, ಕೆಲಸ ನೋಡಿದ್ರೆ ಇನ್ನೂ ತಲೆ ಕೆಡತ್ತೆ. ಒಬ್ರು ಇದು ಬರೀ ಧೂಳು ಅಂತ ಬರ್ದಿದಾರೆ, ಇನ್ನೊಬ್ರು ಕೋಶಗಳು ಒಂದಕ್ಕೊಂದು ಬರ್ಕೊಳೋ ಕಾಗದ ಅಂತಾರೆ, ಒಂದು ಪೇಪರಲ್ಲಿ ಇದ್ರಿಂದ ರಕ್ತ ಹೆಪ್ಪುಗಟ್ಟಿ ಅಪಾಯ ಅಂತ ಇದೆ, ಮುಂದಿನ ಪೇಪರಲ್ಲೇ ಇದನ್ನ ಕೊಟ್ರೆ ಹೃದಯ ರಿಪೇರಿ ಆಗತ್ತೆ ಅಂತ ಇದೆ. ಒಂದೇ ವಸ್ತು ಕಾಯಿಲೆನೂ ತರತ್ತೆ, ಕಾಯಿಲೆ ಪತ್ತೆನೂ ಮಾಡತ್ತೆ, ವಾಸಿನೂ ಮಾಡತ್ತೆ ಅಂದ್ರೆ ನಂಬೋದು ಹೇಗೆ ಸ್ವಾಮಿ? ಯಾರಾದ್ರೂ ಇದ್ರಲ್ಲೇ ಕೆಲಸ ಮಾಡಿರೋರು ಇದ್ರೆ ದಯವಿಟ್ಟು ಹೇಳಿ, ಕಸಾನಾ ಕಾಗದಾನಾ?

ಹಳೇಸೆಂಟ್ರಿಫ್ಯೂಜ್:

ಹೆಸರಿನ ಗಲಾಟೆ ಮೊದಲು ಮುಗಿಸೋಣ, ಅರ್ಧ ಗೊಂದಲ ಇರೋದೇ ಅಲ್ಲಿ. ಹೆಸರು ಬಂದಿರೋದು ಹುಟ್ಟಿದ ಜಾಗದಿಂದ. ಜೀವಕೋಶದ ಹೊರಪೊರೆನೇ ಉಬ್ಬಿ, ಕತ್ತು ಸಣ್ಣಗಾಗಿ, ಕಳಚಿ ಬಿದ್ರೆ ಅದು ಮೈಕ್ರೋವೆಸಿಕಲ್. ಅದನ್ನೇ ಎಕ್ಟೋಸೋಮ್ ಅಂತಾರೆ, ರಕ್ತದ ಮೇಲೆ ಕೆಲಸ ಮಾಡೋರು ಹಳೇ ಅಭ್ಯಾಸಕ್ಕೆ ಮೈಕ್ರೋಪಾರ್ಟಿಕಲ್ ಅಂತಾರೆ, ಮೂರೂ ಒಂದೇ, ಸುಮಾರು 100ರಿಂದ 1000 ನ್ಯಾನೋಮೀಟರ್. ಎಕ್ಸೋಸೋಮ್ ಹುಟ್ಟೋದು ಕೋಶದ ಒಳಗೆ, ಎಂಡೋಸೋಮ್ ಅನ್ನೋ ಚೀಲದೊಳಗೆ ಪುಟಾಣಿ ಚೀಲಗಳಾಗಿ, ಆ ದೊಡ್ಡ ಚೀಲ ಬಂದು ಹೊರಪೊರೆಗೆ ಸೇರ್ಕೊಂಡಾಗ ಒಳಗಿದ್ದಿದ್ದೆಲ್ಲಾ ಆಚೆ ಸುರಿಯತ್ತೆ, ಇವು ಸುಮಾರು 30ರಿಂದ 150 ನ್ಯಾನೋಮೀಟರ್. ಸಾಯ್ತಿರೋ ಕೋಶ ಚೂರುಚೂರಾಗಿ ಬೀಳತ್ತಲ್ಲ, ಅದು ಅಪೊಪ್ಟೋಟಿಕ್ ಬಾಡಿ, ಇವೆಲ್ಲಕ್ಕಿಂತ ದೊಡ್ಡದು. ಹೋಲಿಸಿ ನೋಡೋಕೆ ಇರ್ಲಿ ಅಂತ ಹೇಳ್ತೀನಿ, ಕೆಂಪು ರಕ್ತಕಣದ ಅಗಲ 7-8 ಮೈಕ್ರೋಮೀಟರ್, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್ದು 2-3. ಅಂದ್ರೆ ಒಂದು ಪ್ಲೇಟ್ಲೆಟ್ ಪಕ್ಕ ನಿಲ್ಲಿಸಿದ್ರೂ ಮೈಕ್ರೋವೆಸಿಕಲ್ ಮಗು ಥರ ಕಾಣತ್ತೆ.

ಈಗ ನೋಡಿ ತಮಾಷೆ. ರಕ್ತದಿಂದ ತೆಗ್ದ ಒಂದು ಕಣ 120 ನ್ಯಾನೋಮೀಟರ್ ಇದ್ರೆ ಅದು ಒಳಗೆ ಹುಟ್ಟಿದ್ದೋ ಹೊರಗೆ ಕಳಚಿದ್ದೋ? ಅದರ ಹಣೆ ಮೇಲೆ ಬರ್ದಿರಲ್ಲ. ಅದಕ್ಕೇ ಈ ಕ್ಷೇತ್ರದವ್ರ ಅಂತಾರಾಷ್ಟ್ರೀಯ ಸಂಘ ಐಸೆವ್ ಏನು ಹೇಳ್ತು ಅಂದ್ರೆ, ಹುಟ್ಟಿದ್ದಕ್ಕೆ ಸಾಕ್ಷಿ ಇಲ್ದೇ ಇದ್ರೆ ಎಕ್ಸೋಸೋಮ್ ಅಂತ ಕರೀಬೇಡಿ, ಎಕ್ಸ್‌ಟ್ರಾಸೆಲ್ಯುಲಾರ್ ವೆಸಿಕಲ್ ಅಂತ ಒಟ್ಟಾಗಿ ಕರೀರಿ, ಸಣ್ಣದು ದೊಡ್ಡದು ಅಂತ ಅಳತೆ ಸೇರಿಸ್ಕೊಳಿ ಅಂತ. ಅದೇ ನಿಮ್ಮ ಇವಿ. ಅವರ ಮಾರ್ಗಸೂಚಿ 2014ರಲ್ಲಿ ಬಂತು, 2018ರಲ್ಲಿ ತಿದ್ದಿದ್ರು, 2023ರದ್ದು ಈಗ ಚಾಲ್ತಿಲಿದೆ. ಆದ್ರೂ ಜನ ಎಕ್ಸೋಸೋಮ್ ಅಂತಾನೇ ಬರೀತಾರೆ, ಯಾಕಂದ್ರೆ ಆ ಹೆಸರಿಗೆ ಬೆಲೆ ಜಾಸ್ತಿ.

ಇತಿಹಾಸ ಹೇಳೋದಾದ್ರೆ 1946ರಿಂದ ಶುರು ಮಾಡಿ. ಶಾರ್ಗಾಫ್ ಮತ್ತು ವೆಸ್ಟ್ ಪ್ಲಾಸ್ಮಾನ, ಅಂದ್ರೆ ರಕ್ತದಿಂದ ಕೋಶ ತೆಗ್ದ ಮೇಲೆ ಉಳಿಯೋ ದ್ರವನ, ಸೆಂಟ್ರಿಫ್ಯೂಜಲ್ಲಿ ಜೋರಾಗಿ ತಿರುಗಿಸಿ ನೋಡಿದ್ರು, ಮೇಲಿನ ತಿಳಿ ಹೆಪ್ಪುಗಟ್ಟೋಕೆ ತಡ ಮಾಡ್ತು, ಕೆಳಗೆ ಕೂತಿದ್ದನ್ನ ಸೇರಿಸಿದ್ರೆ ಬೇಗ ಗಟ್ಟಿಯಾಯ್ತು. ಏನೋ ಇದೆ ಅಂತ ಗೊತ್ತಾಯ್ತು, ಏನು ಅಂತ ಕಾಣ್ಲಿಲ್ಲ. ಡಿಎನ್‌ಎಲಿ ಎ ಎಷ್ಟೋ ಟಿ ಅಷ್ಟೇ ಅಂತ ಲೆಕ್ಕ ಹೇಳಿದ ಶಾರ್ಗಾಫ್ ಇವರೇ. ಆಮೇಲೆ 1967ರಲ್ಲಿ ಪೀಟರ್ ವುಲ್ಫ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಆ ಕಣಗಳನ್ನ ನೋಡಿ ಪ್ಲೇಟ್ಲೆಟ್ ಧೂಳು ಅಂತ ಹೆಸರಿಟ್ರು. ನೀವು ಓದಿರೋ ಧೂಳು ಬಂದಿದ್ದು ಅಲ್ಲಿಂದ. ಆದ್ರೆ ಒಂದು ಗಮನಿಸಿ, ಇದು ಹೆಪ್ಪುಗಟ್ಟಿಸೋ ಧೂಳು ಅಂತ ವುಲ್ಫ್ ಆಗ್ಲೇ ಬರ್ದಿದ್ರು, ಕೆಲಸಕ್ಕೆ ಬಾರದ್ದು ಅಂತಲ್ಲ. ಹೆಸರು ಹಿಡ್ಕೊಂಡು ವಿಷಯ ಬಿಟ್ಟೋರು ಆಮೇಲೆ ಬಂದವ್ರು.

ಇನ್ನೊಂದು, 2013ರ ನೊಬೆಲ್ ಇದಕ್ಕೇ ಬಂತು ಅಂತ ಸ್ಲೈಡಲ್ಲಿ ಹಾಕ್ಬೇಡಿ, ಸುಮಾರು ಜನ ಹಾಕ್ತಾರೆ. ಅದು ಕೋಶದ ಒಳಗಿನ ಚೀಲಗಳ ಸಾಗಾಣಿಕೆಗೆ ಬಂದಿದ್ದು, ಹೊರಗೆ ಬೀಳೋವಕ್ಕಲ್ಲ.

ಪೊರೆಪುರಾಣ:

ಮೇಲಿನವ್ರು ಹೆಸರು ಹೇಳಿದ್ರು, ನಾನು ಅದು ಹೇಗೆ ಕಳಚತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಕಸಾನಾ ಕಾಗದಾನಾ ಅನ್ನೋದಕ್ಕೆ ಉತ್ತರ ಅರ್ಧ ಅಲ್ಲೇ ಸಿಗತ್ತೆ.

ಪೊರೆಗೆ ಎರಡು ಪದರ ಇದೆಯಲ್ಲ, ಎರಡೂ ಒಂದೇ ಥರ ಇರಲ್ಲ. ಫಾಸ್ಫಟಿಡಿಲ್ ಸೆರಿನ್ ಅಂತ ಒಂದು ಲಿಪಿಡ್, ಅಂದ್ರೆ ಕೊಬ್ಬಿನ ಜಾತಿಯ ಪದಾರ್ಥ, ಇದೆ, ಪಿಎಸ್ ಅಂತೀವಿ, ಅದು ಯಾವಾಗ್ಲೂ ಒಳಪದರದಲ್ಲೇ ಇರ್ಬೇಕು, ಹೊರಗೆ ಮುಖ ತೋರಿಸ್ಬಾರ್ದು. ತಪ್ಪಿ ಹೊರಗೆ ಬಂದ್ರೆ ಫ್ಲಿಪೇಸ್ ಅನ್ನೋ ಪ್ರೋಟೀನು ಎಟಿಪಿ, ಅಂದ್ರೆ ಕೋಶದ ಇಂಧನ, ಖರ್ಚು ಮಾಡಿ ವಾಪಸ್ ಒಳಗೆ ಎಳ್ಕೊಳತ್ತೆ, ಬಾಗಿಲಲ್ಲಿ ಕೂತ ಅಜ್ಜಿ ಮಕ್ಕಳನ್ನ ಬೀದಿಗೆ ಹೋಗೋಕೆ ಬಿಡದೇ ಇರೋ ಹಾಗೆ. ಈಗ ಕೋಶಕ್ಕೆ ಏಟು ಬಿತ್ತು ಅಥವಾ ಪ್ಲೇಟ್ಲೆಟ್‌ಗೆ ಥ್ರಾಂಬಿನ್ ಅನ್ನೋ ಹೆಪ್ಪುಗಟ್ಟಿಸೋ ಕಿಣ್ವ ತಾಗ್ತು ಅನ್ಕೊಳಿ, ಒಳಗೆ ಕ್ಯಾಲ್ಸಿಯಂ ನುಗ್ಗತ್ತೆ. ಫ್ಲಿಪೇಸ್ ನಿಂತೋಗತ್ತೆ, ಸ್ಕ್ರಾಂಬ್ಲೇಸ್ ಅನ್ನೋದು ಎದ್ದು ಎರಡೂ ಪದರದ ಲಿಪಿಡ್‌ಗಳನ್ನ ಕಲಸಿಬಿಡತ್ತೆ, ಪಿಎಸ್ ಹೊರಗೆ ಬಂತು. ಅದೇ ಹೊತ್ತಿಗೆ ಕ್ಯಾಲ್ಪೇನ್ ಅನ್ನೋ ಕತ್ತರಿ ಪೊರೆ ಕೆಳಗಿನ ಹಂದರನ ಅಲ್ಲಲ್ಲಿ ತುಂಡು ಮಾಡತ್ತೆ. ಆಧಾರ ತಪ್ಪಿದ ಪೊರೆ ಗುಳ್ಳೆ ಎದ್ದು ಕಳಚ್ಕೊಳತ್ತೆ. ಇಷ್ಟೇ ಕಥೆ.

ಈ ಪಿಎಸ್ ಹೊರಗೆ ಬರೋದು ಯಾಕೆ ದೊಡ್ಡ ವಿಷಯ ಅಂದ್ರೆ ಅದು ನೆಗೆಟಿವ್ ಚಾರ್ಜ್ ಇರೋ ಲಿಪಿಡ್, ಹೆಪ್ಪುಗಟ್ಟಿಸೋ ಫ್ಯಾಕ್ಟರ್ ಅನ್ನೋ ಪ್ರೋಟೀನ್‌ಗಳಲ್ಲಿ ಕೆಲವು ಕ್ಯಾಲ್ಸಿಯಂನ ಸೇತುವೆ ಮಾಡ್ಕೊಂಡು ಅದರ ಮೇಲೆ ಬಂದು ಕೂತ್ಕೊಳತ್ತೆ. ಪ್ಲಾಸ್ಮಾದಲ್ಲಿ ಅಲ್ಲೊಂದು ಇಲ್ಲೊಂದು ತೇಲಾಡ್ತಿದ್ದ ಫ್ಯಾಕ್ಟರ್‌ಗಳು ಒಂದೇ ಜಗಲಿ ಮೇಲೆ ಬಂದು ಕೂತ್ರೆ ಕೆಲಸ ಎಷ್ಟು ಬೇಗ ಆಗತ್ತೆ ನೀವೇ ಯೋಚ್ನೆ ಮಾಡಿ. 2007ರಲ್ಲಿ ಅಳೆದು ನೋಡಿದಾಗ ಪ್ಲೇಟ್ಲೆಟ್‌ನಿಂದ ಕಳಚಿದ ಕಣದ ಮೇಲ್ಮೈ, ಅಷ್ಟೇ ಅಳತೆಯ ಎಚ್ಚೆತ್ತ ಪ್ಲೇಟ್ಲೆಟ್ ಮೇಲ್ಮೈಗಿಂತ 50ರಿಂದ 100 ಪಟ್ಟು ಜೋರಾಗಿ ಹೆಪ್ಪುಗಟ್ಟಿಸ್ತಿತ್ತು. ಧೂಳಂತೆ ಧೂಳು!

ಇದು ನಿಜವಾಗ್ಲೂ ದೇಹಕ್ಕೆ ಬೇಕಾ ಅಂತ ಕೇಳಿದ್ರೆ ಸ್ಕಾಟ್ ಸಿಂಡ್ರೋಮ್ ನೋಡಿ. ತುಂಬಾ ಅಪರೂಪದ ಕಾಯಿಲೆ. ಪ್ಲೇಟ್ಲೆಟ್ ಎಣಿಕೆ ಸರಿಯಾಗಿದೆ, ನೋಡೋಕೂ ಚೆನ್ನಾಗಿದೆ, ಒಂದಕ್ಕೊಂದು ಅಂಟ್ಕೊಳತ್ತೆ ಕೂಡಾ, ಆದ್ರೂ ಹಲ್ಲು ಕೀಳಿಸಿದ್ರೆ, ಆಪರೇಷನ್ ಆದ್ರೆ, ಹೆರಿಗೆ ಆದ್ರೆ ರಕ್ತ ನಿಲ್ಲಲ್ಲ. ಯಾಕೆ ಅಂದ್ರೆ ಸ್ಕ್ರಾಂಬ್ಲೇಸ್ ಕೆಟ್ಟಿದೆ, ಪಿಎಸ್ ಹೊರಗೆ ಬರಲ್ಲ, ಮೈಕ್ರೋವೆಸಿಕಲ್ಲೂ ಸರಿಯಾಗಿ ಕಳಚಲ್ಲ. ಆ ಜೀನ್ ಟಿಎಂಇಎಂ16ಎಫ್ ಅಂತ 2010ರಲ್ಲಿ ಗೊತ್ತಾಯ್ತು. ಇಲ್ಲದೇ ಇದ್ದಾಗ್ಲೇ ಅದರ ಬೆಲೆ ಗೊತ್ತಾಗೋದು ಅಂತಾರಲ್ಲ, ಇದು ಅದೇ.

ಈಗ ಕಸದ ವಿಷಯ. ನಂಗೆ ಕಸ ಅನ್ನೋದು ಬೈಗುಳ ಅನ್ಸಲ್ಲ, ಕಸ ಹೊರಗೆ ಹಾಕೋದೂ ಆರೋಗ್ಯನೇ ಅಲ್ವಾ. ಕೆಂಪು ರಕ್ತಕಣ 120 ದಿನ ಬದುಕತ್ತೆ, ಅಷ್ಟರಲ್ಲಿ ತನ್ನ ಹಿಮೋಗ್ಲೋಬಿನ್‌ನಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಹೀಗೆ ಚಿಕ್ಕ ಚಿಕ್ಕ ಗುಳ್ಳೆಗಳಾಗಿ ಕಳ್ಕೊಳತ್ತೆ, ಹಾಳಾದ ಹಿಮೋಗ್ಲೋಬಿನ್ನು, ಬೇಡದ ಪ್ರೋಟೀನು ಆ ಗುಳ್ಳೆಲಿ ಹೋಗತ್ತೆ. ಇನ್ನೂ ಚೆಂದದ್ದು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣದ್ದು. ರೋಗಾಣು ಕೊಲ್ಲೋ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಸೇರಿ ಅದರ ಪೊರೆಗೆ ತೂತು ಕೊರೆದ್ರೆ, ಆ ತೂತು ಇರೋ ಜಾಗನೇ ಗುಳ್ಳೆ ಮಾಡಿ ಕಳಚಿ ಬಿಸಾಕಿ ಬದುಕ್ಕೊಂಡುಬಿಡತ್ತೆ, ಹಲ್ಲಿ ಬಾಲ ಬಿಟ್ಟು ಓಡೋಗತ್ತಲ್ಲ ಹಾಗೆ. ಆ ಬಾಲ ಬಿದ್ದಲ್ಲೇ ಕುಣೀತಾ ಇರತ್ತಲ್ಲ, ಅದನ್ನ ಬೇರೆಯವ್ರು ನೋಡ್ತಾರೆ, ಅದಕ್ಕೆ ಪ್ರತಿಕ್ರಿಯೆ ತೋರಿಸ್ತಾರೆ. ಅಲ್ಲಿಗೆ ಕಸ ಸುದ್ದಿಯಾಯ್ತು. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇದು, ಕಳಿಸಿದವ್ರಿಗೆ ಕಸ, ಸಿಕ್ಕಿದವ್ರಿಗೆ ಕಾಗದ.

ಅಡ್ಡಪ್ರಶ್ನೆ:

ಪೊರೆಪುರಾಣ ಚೆನ್ನಾಗಿ ಬರೀತೀರಾ, ಆದ್ರೆ ಆ ಕೊನೇ ಸಾಲು ಕೇಳೋಕೆ ಚೆಂದ, ಒಪ್ಕೊಳೋಕೆ ಕಷ್ಟ. ಕಾಗದ ಅಂದ್ಮೇಲೆ ಒಳಗೆ ಅಕ್ಷರ ಇರ್ಬೇಕಲ್ವಾ.

2007ರಲ್ಲಿ ಸ್ವೀಡನ್‌ನ ಲೋಟ್ವಾಲ್ ಗುಂಪು ಎಕ್ಸೋಸೋಮಲ್ಲಿ ಎಂಆರ್‌ಎನ್‌ಎ (ಪ್ರೋಟೀನ್ ಮಾಡೋಕೆ ಬೇಕಾದ ಜೀನ್ ನಕಲು), ಮೈಕ್ರೋಆರ್‌ಎನ್‌ಎ (ಜೀನ್ ಕೆಲಸ ತಗ್ಗಿಸೋ ಪುಟ್ಟ ಆರ್‌ಎನ್‌ಎ) ಇದೆ, ಇನ್ನೊಂದು ಕೋಶಕ್ಕೆ ಹೋದ್ಮೇಲೆ ಅದರಿಂದ ಪ್ರೋಟೀನ್ ಕೂಡಾ ಆಗತ್ತೆ ಅಂತ ತೋರಿಸ್ತು. ಅಲ್ಲಿಂದ ಶುರುವಾಯ್ತು ನೋಡಿ ಜಾತ್ರೆ. ಪ್ರತಿ ಪೇಪರಲ್ಲೂ ಇಂಥ ಮೈಕ್ರೋಆರ್‌ಎನ್‌ಎ ಹೋಯ್ತು ಅಂಥ ಜೀನ್ ಆಫ್ ಆಯ್ತು. 2014ರಲ್ಲಿ ಒಬ್ರು ಕೂತು ನೆಟ್ಟಗೆ ಎಣಿಸಿದ್ರು, ಒಂದು ಎಕ್ಸೋಸೋಮಲ್ಲಿ ಒಂದು ನಿರ್ದಿಷ್ಟ ಮೈಕ್ರೋಆರ್‌ಎನ್‌ಎ ಎಷ್ಟು ಕಾಪಿ ಇದೆ ಅಂತ. ಸರಾಸರಿ ಒಂದೂ ಇಲ್ಲ! ಹೇರಳವಾಗಿದೆ ಅಂತ ಹೇಳೋ ಮೈಕ್ರೋಆರ್‌ಎನ್‌ಎನೇ ನೂರಕ್ಕೂ ಹೆಚ್ಚು ಎಕ್ಸೋಸೋಮ್ ತಡಕಿದ್ರೆ ಒಂದು ಸಿಗೋದು. ನೂರು ಲಕೋಟೆ ಬಂದು ಅದರಲ್ಲಿ ತೊಂಬತ್ತೊಂಬತ್ತು ಖಾಲಿ ಇದ್ರೆ ಅದನ್ನ ಅಂಚೆ ಅಂತ ಕರೀತೀರಾ?

ಎಲ್ಲಾ ಸುಳ್ಳು ಅಂತ ಹೇಳ್ತಿಲ್ಲ ನಾನು. ಹೊರಮೈ ಮಾಡೋ ಕೆಲಸ ನಂಬ್ತೀನಿ, ಯಾಕಂದ್ರೆ ಅದಕ್ಕೆ ಒಳಗೆ ಹೋಗೋ ಗೋಜೇ ಇಲ್ಲ. ಪಿಎಸ್ ಹೊರಗಿದೆ, ಹೆಪ್ಪು ಶುರು ಮಾಡೋ ಟಿಷ್ಯೂ ಫ್ಯಾಕ್ಟರ್ ಹೊರಗಿದೆ, ತಾಗಿದ್ರೆ ಸಾಕು. 1996ರಲ್ಲಿ ಬಿ ಕೋಶದ (ರೋಗನಿರೋಧಕ ಕೋಶ) ಎಕ್ಸೋಸೋಮ್‌ಗಳು ಆಂಟಿಜೆನ್‌ನ, ಅಂದ್ರೆ ರೋಗಾಣುವಿನ ಗುರುತಿನ ಚೂರನ್ನ, ಹೊರಮೈಲಿ ಹೊತ್ಕೊಂಡು ಟಿ ಕೋಶಗಳನ್ನ ಎಬ್ಬಿಸ್ತವೆ ಅಂತ ತೋರಿಸಿದ್ರಲ್ಲ, ಅದೂ ಹೊರಮೈ ಕೆಲಸನೇ. ಒಳಗಿನ ಸರಕು ಇನ್ನೊಂದು ಕೋಶದ ಸೈಟೋಸಾಲ್‌ಗೆ, ಅಂದ್ರೆ ಕೋಶದೊಳಗಿನ ದ್ರವಕ್ಕೆ, ಇಳೀಬೇಕು ಅಂದ್ರೆ ಎರಡು ಪೊರೆ ಬೆಸೀಬೇಕು, ಬಹುಪಾಲು ಕಣಗಳು ನುಂಗಿಸ್ಕೊಂಡು ಸೀದಾ ಲೈಸೋಸೋಮ್‌ಗೆ ಹೋಗಿ ಜೀರ್ಣ ಆಗ್ತವೆ. ಕುತೂಹಲಿ ಅವ್ರೇ, ಸೆಮಿನಾರಲ್ಲಿ ಹೊರಮೈ ಕೆಲಸ ಬೇರೆ ಒಳಸರಕಿನ ಕೆಲಸ ಬೇರೆ ಅಂತ ಎರಡು ಭಾಗ ಮಾಡಿ, ನಿಮ್ಮ ಗೊಂದಲ ಅರ್ಧ ಇಳಿಯತ್ತೆ.

ಪೊರೆಪುರಾಣ:

ಲೆಕ್ಕ ಒಪ್ಪಿದೆ ಅಡ್ಡಪ್ರಶ್ನೆಯವ್ರೇ, ಆದ್ರೆ ಒಳಸರಕು ಪೂರ್ತಿ ತಳ್ಳಿಹಾಕ್ಬೇಡಿ. 2008ರಲ್ಲಿ ಗ್ಲಿಯೋಬ್ಲಾಸ್ಟೋಮಾ, ಅದೇ ಮೆದುಳಿನ ಕೆಟ್ಟ ಗಡ್ಡೆ, ಅದರ ಕೋಶಗಳು ಇಜಿಎಫ್‌ಆರ್‌ವಿ3 ಅನ್ನೋ ಕೆಟ್ಟುಹೋದ ರಿಸೆಪ್ಟರ್‌ನ ಮೈಕ್ರೋವೆಸಿಕಲ್ ಮೂಲಕ ಪಕ್ಕದ ಕೋಶಕ್ಕೆ ದಾಟಿಸ್ತವೆ, ಅದು ಇಲ್ಲದ ಕೋಶಾನೂ ಅದು ಇರೋ ಥರ ವರ್ತಿಸೋಕೆ ಶುರು ಮಾಡತ್ತೆ ಅಂತ ತೋರಿಸಿದ್ರು. ಅದು ಪೊರೆಯ ಪ್ರೋಟೀನು, ಹಾಗಾಗಿ ನಿಮ್ಮ ಲೆಕ್ಕದಲ್ಲೂ ಹೊರಮೈನೇ ಅನ್ಬಹುದು, ಸರಿ. ಅದೇ ವರ್ಷ ಇನ್ನೊಂದು ಗುಂಪು ಅದೇ ಗಡ್ಡೆ ಇರೋ ರೋಗಿಗಳ ರಕ್ತದ ಕಣಗಳಲ್ಲಿ ಆ ರಿಸೆಪ್ಟರ್‌ನ ಎಂಆರ್‌ಎನ್‌ಎ ಸಿಗತ್ತೆ ಅಂತ ತೋರಿಸ್ತು. ಆ ಆರ್‌ಎನ್‌ಎ ಬೇರೆ ಕೋಶದಲ್ಲಿ ಕೆಲಸ ಮಾಡತ್ತೋ ಬಿಡತ್ತೋ, ತಲೆಬುರುಡೆ ಕೊರೀದೆ ಗಡ್ಡೆ ಬಗ್ಗೆ ತಿಳ್ಕೊಳೋಕೆ ದಾರಿ ಆಯ್ತಲ್ಲ. ಕಸದಿಂದ ರಸ ಅಂದ್ರೆ ಇದೇ. ಪತ್ತೆ ಮಾಡೋಕೆ ಲಕೋಟೆ ನೂರಕ್ಕೆ ಒಂದು ತುಂಬಿದ್ರೂ ಸಾಕು, ಯಾಕಂದ್ರೆ ಲಕೋಟೆಗಳು ಕೋಟಿಗಟ್ಟಲೆ ಇವೆ.

ರಾತ್ರಿಪಾಳಿ:

ನಾನು ಲ್ಯಾಬ್ ಟೆಕ್ನಿಷಿಯನ್, ಥಿಯರಿ ನಿಮ್ಮಷ್ಟು ಬರಲ್ಲ, ಆದ್ರೆ ಈ ಕಣಗಳನ್ನ ಎಣಿಸೋ ಪ್ರಾಜೆಕ್ಟಲ್ಲಿ ಎರಡು ವರ್ಷ ಕೈ ಸುಟ್ಕೊಂಡಿದೀನಿ, ಅದನ್ನ ಹೇಳ್ತೀನಿ, ಯಾಕಂದ್ರೆ ಕಾಯಿಲೇಲಿ ಮೈಕ್ರೋವೆಸಿಕಲ್ ಜಾಸ್ತಿ ಆಗತ್ತೆ ಅನ್ನೋ ವಾಕ್ಯ ಓದಿದಾಗೆಲ್ಲಾ ನಂಗೆ ಈ ಕಥೆ ನೆನಪಾಗತ್ತೆ.

ನಮ್ಮ ಮೊದಲನೇ ಮೂವತ್ತು ಸ್ಯಾಂಪಲ್‌ಗಳಲ್ಲಿ ಪೇಷೆಂಟ್‌ಗಳ ಪ್ಲೇಟ್ಲೆಟ್ ಕಣ ಕಂಟ್ರೋಲ್‌ಗಿಂತ ಭಾರೀ ಜಾಸ್ತಿ ಬಂತು, ಎಲ್ರೂ ಖುಷಿ, ಮೇಡಂ ಅಂತೂ ಪೇಪರ್ ಬರೆಯೋಕೆ ಕೂತ್ಬಿಟ್ರು. ನಾನು ಒಂದಿನ ಸುಮ್ನೆ ರಿಜಿಸ್ಟರ್ ತಿರುಗಿಸ್ತಿದ್ದೆ, ರಕ್ತ ತೆಗ್ದ ಟೈಮು ಒಂದು ಕಾಲಂ, ಸೆಂಟ್ರಿಫ್ಯೂಜ್‌ಗೆ ಹಾಕಿದ ಟೈಮು ಇನ್ನೊಂದು ಕಾಲಂ. ಕಂಟ್ರೋಲ್ ಅಂದ್ರೆ ಯಾರು, ನಾವೇ, ಲ್ಯಾಬಲ್ಲೇ ಕೈ ಚಾಚಿ ರಕ್ತ ಕೊಟ್ಟು ಹತ್ತು ನಿಮಿಷಕ್ಕೆ ತಿರುಗಿಸಿದ್ವಿ. ಪೇಷೆಂಟ್ ಟ್ಯೂಬ್‌ಗಳು ವಾರ್ಡಲ್ಲಿ ರಾಕ್‌ನಲ್ಲಿ ಕೂತು, ಅಟೆಂಡರ್ ಜೇಬಲ್ಲಿ ಅಲ್ಲಾಡ್ಕೊಂಡು ಮೆಟ್ಲಿಳಿದು ನಮ್ಮ ಹತ್ರ ಬರೋ ಹೊತ್ತಿಗೆ ಎರಡೂವರೆ ಮೂರು ಗಂಟೆ. ಟ್ಯೂಬಲ್ಲಿ ಕೂತ ಪ್ಲೇಟ್ಲೆಟ್ ಸುಮ್ನಿರತ್ತಾ, ಅಲ್ಲೇ ಕಣ ಉದುರಿಸ್ತಾ ಇರತ್ತೆ, ಅಲ್ಲಾಡಿಸಿದ್ರೆ ಇನ್ನೂ ಜಾಸ್ತಿ. ನಾವು ಅಳೆದಿದ್ದು ಕಾಯಿಲೆನಲ್ಲ, ಮೆಟ್ಲು! ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಅಂತಾರಲ್ಲ ಹಾಗೆ. ಮೇಡಂಗೆ ಹೇಳೋಕೆ ಎರಡು ದಿನ ಧೈರ್ಯ ಸಾಲ್ಲಿಲ್ಲ. ಹೇಳಿದ್ಮೇಲೆ ಅವ್ರು ಬೈಲಿಲ್ಲ, ಸುಮ್ನೆ ಲ್ಯಾಪ್‌ಟಾಪ್ ಮುಚ್ಚಿದ್ರು, ಅದೇ ಜಾಸ್ತಿ ಬೇಜಾರಾಗಿದ್ದು. ಎಲ್ಲಾ ಮೊದಲಿಂದ ಶುರು.

ಆಮೇಲೆ ಕಲ್ತಿದ್ದು. ರಕ್ತ ಹೆಪ್ಪುಗಟ್ಟದ ಹಾಗೆ ಇಡೋ ಸಿಟ್ರೇಟ್ ಟ್ಯೂಬು, ಮೊದಲನೇ ಟ್ಯೂಬ್ ರಕ್ತ ಇದಕ್ಕೆ ಬಳಸ್ಬಾರ್ದು ಯಾಕಂದ್ರೆ ಸೂಜಿ ಚುಚ್ಚಿದ ಗಾಯದ್ದೇ ಅದರಲ್ಲಿ ಇರತ್ತೆ. ತೆಗೆದ ಕೂಡ್ಲೇ ಟ್ಯೂಬ್ ನೆಟ್ಟಗೆ ನಿಲ್ಸಿ ತರ್ಬೇಕು. 2500 ಜಿನಲ್ಲಿ 15 ನಿಮಿಷ, ಪ್ಲಾಸ್ಮಾ ಮೇಲಿಂದ ಹುಷಾರಾಗಿ ತೆಗೀಬೇಕು, ಕೆಳಗಿನ ಬಿಳೀ ಪದರದ ಹತ್ರ ಪಿಪೆಟ್ ಹೋಗ್ಲೇಬಾರ್ದು, ತೆಗ್ದಿದ್ದನ್ನ ಮತ್ತೆ 2500ರಲ್ಲಿ 15 ನಿಮಿಷ. ಯಾಕೆ ಎರಡು ಸಲ ಅಂದ್ರೆ ಒಂದೇ ಸಲ ತಿರುಗಿಸಿ ಫ್ರೀಜರ್‌ಗೆ ಹಾಕಿದ್ರೆ ಉಳ್ಕೊಂಡ ಪ್ಲೇಟ್ಲೆಟ್‌ಗಳು ಕರಗಿಸುವಾಗ ಒಡೆದು ರಾಶಿ ಕಣ ಮಾಡ್ತವೆ. ಪೇಷೆಂಟ್ ಊಟ ಮಾಡ್ಕೊಂಡು ಬಂದ್ರಂತೂ ಮುಗೀತು, ಪ್ಲಾಸ್ಮಾ ಹಾಲು ಹಾಲಾಗಿರತ್ತೆ, ಆ ಕೊಬ್ಬಿನ ಕಣಗಳೂ ಇದೇ ಸೈಜು, ಮೆಷಿನ್‌ಗೆ ಕೊಬ್ಬೂ ಒಂದೇ ವೆಸಿಕಲ್ಲೂ ಒಂದೇ.

ಮೆಷಿನ್ ಬಗ್ಗೆನೂ ಹೇಳ್ಬಿಡ್ತೀನಿ. ಲೇಸರ್ ಮುಂದೆ ಒಂದೊಂದಾಗಿ ಹರಿಸಿ ಎಣಿಸೋ ಮಾಮೂಲಿ ಫ್ಲೋ ಸೈಟೋಮೀಟರ್ ಕೋಶ ನೋಡೋಕೆ ಮಾಡಿದ್ದು, ತುಂಬಾ ಸಣ್ಣ ಕಣ ಅದಕ್ಕೆ ಕಾಣಲ್ಲ. ಕಣ್ಣಿಗೆ ಕಾಣೋ ಬೆಳಕಿನ ಅಲೆನೇ 400ರಿಂದ 700 ನ್ಯಾನೋಮೀಟರ್, ಅದಕ್ಕಿಂತ ಸಣ್ಣ ಕಣ ಅಂದ್ರೆ ಬೆಳಕು ಸರಿಯಾಗಿ ಚದುರೋದೇ ಇಲ್ಲ. ಆದ್ರೆ ಸ್ಯಾಂಪಲ್ ತೆಳು ಮಾಡದೇ ಓಡಿಸಿದ್ರೆ ಹತ್ತಾರು ಸಣ್ಣ ಕಣ ಒಟ್ಟಿಗೆ ಲೇಸರ್ ಮುಂದೆ ಹೋಗಿ ಒಂದು ದೊಡ್ಡ ಕಣ ಅಂತ ಎಣಿಕೆ ಆಗತ್ತೆ. ನಾನು ಯಾವಾಗ್ಲೂ ಒಂದು ಸ್ಯಾಂಪಲ್‌ನ ಅರ್ಧಕ್ಕೆ ತೆಳು ಮಾಡಿ ಮತ್ತೆ ಓಡಿಸ್ತೀನಿ, ಎಣಿಕೆನೂ ಅರ್ಧ ಆದ್ರೆ ನಂಬ್ತೀನಿ. ಇನ್ನೊಂದು ಟ್ರಿಕ್ಕು, ಕೊನೇಲಿ ಸ್ವಲ್ಪ ಡಿಟರ್ಜೆಂಟ್ ಹಾಕಿ ಮತ್ತೆ ಓಡಿಸೋದು. ವೆಸಿಕಲ್ ಆದ್ರೆ ಪೊರೆ ಕರಗಿ ಮಾಯ ಆಗ್ಬೇಕು. ಮಾಯ ಆಗ್ಲಿಲ್ಲ ಅಂದ್ರೆ ನೀವು ಎಣಿಸ್ತಿದ್ದಿದ್ದು ಗುರುತಿಗೆ ಹಾಕಿದ್ದ ಆಂಟಿಬಾಡಿಯ ಗಂಟುಗಳನ್ನ.

ಹಳೇಸೆಂಟ್ರಿಫ್ಯೂಜ್:

ರಾತ್ರಿಪಾಳಿಯವ್ರೇ, ನಿಮ್ಮ ಮೆಟ್ಲು ಕಥೆ ಪ್ರತಿ ಲ್ಯಾಬಲ್ಲೂ ಫ್ರೇಮ್ ಹಾಕಿಸಿ ತೂಗುಹಾಕ್ಬೇಕು. ಹಳೇ ಪೇಪರ್‌ಗಳಲ್ಲಿ ಆ ಎರಡನೇ ಕಾಲಂ ಎಷ್ಟು ಜನ ಬರ್ದಿರ್ತಾರೆ ಹೇಳಿ.

ಬ್ಲಡ್ ಬ್ಯಾಗ್‌ನಲ್ಲೂ ಇದೇ ಆಗತ್ತೆ. ಕೆಂಪು ರಕ್ತಕಣನ ಫ್ರಿಜ್ಜಲ್ಲಿ 42 ದಿನದವರೆಗೂ ಇಡಬಹುದು, ಇಟ್ಟಷ್ಟು ದಿನ ಅದು ಗುಳ್ಳೆ ಉದುರಿಸ್ತಾ ಹೋಗತ್ತೆ, ಬಿಲ್ಲೆ ಥರ ಇದ್ದಿದ್ದು ಮುಳ್ಳುಮುಳ್ಳಾಗಿ ಕೊನೆಗೆ ಉಂಡೆ ಆಗತ್ತೆ. ಆ ಗುಳ್ಳೆಲಿರೋ ಹಿಮೋಗ್ಲೋಬಿನ್ನು ರಕ್ತನಾಳ ಸಡಿಲ ಮಾಡೋ ನೈಟ್ರಿಕ್ ಆಕ್ಸೈಡ್‌ನ ಹೀರ್ಕೊಳತ್ತೆ. ಹಳೇ ರಕ್ತ ಕೊಟ್ರೆ ಕೆಟ್ಟದ್ದಾ ಅಂತ ದೊಡ್ಡ ದೊಡ್ಡ ಟ್ರಯಲ್‌ಗಳನ್ನೇ ಮಾಡಿದ್ರು, ಹೊಸ ರಕ್ತ ಕೊಟ್ಟೋರು ಹಳೇದು ಕೊಟ್ಟೋರಿಗಿಂತ ಜಾಸ್ತಿ ಬದುಕಿದ್ರು ಅಂತ ಬರ್ಲಿಲ್ಲ. ಟ್ಯೂಬಲ್ಲಿ ಕಂಡಿದ್ದೆಲ್ಲಾ ಮನುಷ್ಯನಲ್ಲಿ ಕಾಣಲ್ಲ ಅನ್ನೋಕೆ ಇದೂ ಒಂದು ಸಾಕ್ಷಿ.

ಆದ್ರೆ ಕ್ಯಾನ್ಸರ್ ಮತ್ತೆ ಹೆಪ್ಪಿನ ವಿಷಯ ಗಟ್ಟಿ ಇದೆ. ಕ್ಯಾನ್ಸರ್ ಇರೋರಿಗೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟತ್ತೆ ಅಂತ ಪ್ಯಾರಿಸ್‌ನ ಟ್ರೂಸೋ ಅನ್ನೋ ಡಾಕ್ಟ್ರು 1865ರಲ್ಲೇ ಹೇಳಿದ್ರು, ಆಮೇಲೆ ತನಗೇ ಹಾಗಾದಾಗ ಇದು ಕ್ಯಾನ್ಸರ್ರೇ ಅಂತ ತಾನೇ ಅರ್ಥ ಮಾಡ್ಕೊಂಡು 1867ರಲ್ಲಿ ಹೊಟ್ಟೆ ಕ್ಯಾನ್ಸರಿಂದ ತೀರ್ಕೊಂಡ್ರು. ಆಗ ಕಾರಣ ಗೊತ್ತಿರ್ಲಿಲ್ಲ. ಈಗ ಗೊತ್ತಿರೋ ಕಾರಣಗಳಲ್ಲಿ ಒಂದು ಇದು, ಗಡ್ಡೆಯ ಕೋಶಗಳು ಟಿಷ್ಯೂ ಫ್ಯಾಕ್ಟರ್ ಹೊತ್ತಿರೋ ಮೈಕ್ರೋವೆಸಿಕಲ್‌ಗಳನ್ನ ರಕ್ತಕ್ಕೆ ಬಿಡ್ತವೆ. ಪ್ಯಾಂಕ್ರಿಯಾಸ್ ಕ್ಯಾನ್ಸರಲ್ಲಿ ಇದು ಎದ್ದು ಕಾಣತ್ತೆ. ಟಿಷ್ಯೂ ಫ್ಯಾಕ್ಟರ್ ಸಾಮಾನ್ಯವಾಗಿ ರಕ್ತನಾಳದ ಗೋಡೆ ಹಿಂದೆ ಅಡಗಿರತ್ತೆ, ಗೋಡೆ ಹರಿದ್ರೆ ಮಾತ್ರ ರಕ್ತಕ್ಕೆ ಸಿಗ್ಬೇಕು, ಗಾಯ ಆದ ಜಾಗದಲ್ಲಷ್ಟೇ ಹೆಪ್ಪಾಗ್ಲಿ ಅಂತ. ಇಲ್ಲಿ ಗಾಯನೇ ಇಲ್ಲ, ಅದು ರಕ್ತದಲ್ಲೇ ತೇಲ್ಕೊಂಡು ಓಡಾಡತ್ತೆ. ನಿಮ್ಮ ಪ್ರಶ್ನೆಗೆ ಇದು ಒಳ್ಳೇ ಉದಾಹರಣೆ ಕುತೂಹಲಿ, ಗಾಯದ ಹತ್ರ ಇದ್ರೆ ಜೀವ ಉಳಿಸೋ ಕಣ, ಜಾಗ ತಪ್ಪಿದ್ರೆ ಜೀವ ತೆಗಿಯತ್ತೆ. ಸಂಧಿವಾತದಲ್ಲೂ ಜಾಗದ ತಪ್ಪೇ, ಪ್ಲೇಟ್ಲೆಟ್‌ನ ಕಣಗಳು ಕೀಲಿನ ನೀರಲ್ಲಿ ಸಿಕ್ಕಿ ಉರಿಯೂತ ಜಾಸ್ತಿ ಮಾಡ್ತವೆ ಅಂತ 2010ರಲ್ಲಿ ತೋರಿಸಿದ್ರು. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದ್ರೆ ಇರೋರಲ್ಲಿ ರಕ್ತನಾಳದ ಒಳಪದರದ ಕಣ ಜಾಸ್ತಿ ಆಗತ್ತೆ, ಅದು ಕಾರಣ ಅಲ್ದೇ ಇದ್ರೂ ಒಳಪದರ ಸವೀತಿದೆ ಅನ್ನೋ ಗುರುತು.

ಸುಮ್ನೆಬಂದೆ:

ನಾನು ಸೈನ್ಸ್‌ನವನಲ್ಲ, ಸುಮ್ನೆ ಓದ್ತಿದ್ದೆ, ಒಂದು ಡೌಟು ಗುರುಗಳೇ. ನಮ್ಮ ಚಿಕ್ಕಮ್ಮಂಗೆ ಮಂಡಿ ನೋವು, ಒಂದು ಕ್ಲಿನಿಕ್ಕಲ್ಲಿ ಎಕ್ಸೋಸೋಮ್ ಇಂಜೆಕ್ಷನ್ ತಗೊಳಿ, ಸ್ಟೆಮ್ ಸೆಲ್‌ಗಿಂತ ಸೇಫು, ಇದ್ರಲ್ಲಿ ಜೀವಕೋಶನೇ ಇಲ್ಲ ಹಾಗಾಗಿ ಸೈಡ್ ಎಫೆಕ್ಟೂ ಇಲ್ಲ ಅಂದ್ರಂತೆ. ಕೂದಲಿಗೆ, ಮುಖಕ್ಕೂ ಹಾಕ್ತಾರಂತೆ. ನಿಜಾನಾ ಇದು?

ಅಡ್ಡಪ್ರಶ್ನೆ:

ಸುಮ್ನೆಬಂದೆಯವ್ರೇ, ಮೇಲೆ ಇಷ್ಟುದ್ದ ಓದಿದ್ರಲ್ಲ, ಜೀವಕೋಶ ಇಲ್ಲದ ಕಣನೇ ರಕ್ತ ಹೆಪ್ಪುಗಟ್ಟಿಸತ್ತೆ ಅಂತ ಬಂತಲ್ಲ? ಕೋಶ ಇಲ್ಲ ಅಂದ್ಮೇಲೆ ಅಪಾಯ ಇಲ್ಲ ಅನ್ನೋ ಮಾತಿಗೆ ಅಲ್ಲೇ ಉತ್ತರ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆನೇ ಕೊಡ್ತು, ನೆಬ್ರಾಸ್ಕಾದಲ್ಲಿ ಎಕ್ಸೋಸೋಮ್ ಅಂತ ಹೇಳಿ ಕೊಟ್ಟ ಪದಾರ್ಥದಿಂದ ಜನರಿಗೆ ಗಂಭೀರ ತೊಂದ್ರೆ ಆದ್ಮೇಲೆ, ಎಫ್‌ಡಿಎ ಒಪ್ಪಿಗೆ ಕೊಟ್ಟಿರೋ ಎಕ್ಸೋಸೋಮ್ ಔಷಧಿ ಒಂದೂ ಇಲ್ಲ ಅಂತ.

ಹಾಗಂತ ಸಂಶೋಧನೆ ಸುಳ್ಳಲ್ಲ. 2009ರಲ್ಲಿ ಇಟಲಿಯ ಕಮುಸ್ಸಿ ಗುಂಪು ಸ್ಟೆಮ್ ಸೆಲ್‌ನ ಮೈಕ್ರೋವೆಸಿಕಲ್ ಕೊಟ್ಟು ಇಲಿಯ ಕಿಡ್ನಿ ಸುಧಾರಿಸಿತು ಅಂತ ತೋರಿಸ್ತು, ಮುಂದಿನ ವರ್ಷ ಸಿಂಗಪುರದಿಂದ ಇಲಿ ಹೃದಯದ್ದು ಬಂತು. ಮನುಷ್ಯರ ಮೇಲೆ ಟ್ರಯಲ್‌ಗಳು ನಡೀತಿವೆ. ಆದ್ರೆ ಟ್ರಯಲ್‌ನಲ್ಲಿ ಇದ್ರೆ ಪೇಷೆಂಟ್ ದುಡ್ಡು ಕೊಡಲ್ಲ, ಸಹಿ ಹಾಕಿಸ್ಕೊಂಡು ಫಾಲೋಅಪ್ ಮಾಡ್ತಾರೆ. ಚಿಕ್ಕಮ್ಮಂಗೆ ಮೂರು ಪ್ರಶ್ನೆ ಕೇಳೋಕೆ ಹೇಳಿ, ಯಾವ ಕೋಶದಿಂದ ತೆಗ್ದಿದ್ದು, ಒಂದು ಡೋಸಲ್ಲಿ ಎಷ್ಟು ಕಣ, ಕಣ ಅಲ್ಲದೇ ಇನ್ನೇನಿದೆ. ಮೂರನೇದಕ್ಕೆ ಉತ್ತರ ಬರಲ್ಲ ಬರ್ದಿಟ್ಕೊಳಿ. ಎರಡು ವರ್ಷ ಇದನ್ನೇ ಎಣಿಸಿದ ರಾತ್ರಿಪಾಳಿಯವ್ರಿಗೇ ಕಣ ಯಾವ್ದು ಕೊಬ್ಬು ಯಾವ್ದು ಅಂತ ಹೇಳೋಕೆ ಅಷ್ಟು ಸರ್ಕಸ್ ಬೇಕಾಯ್ತು.

ಸುಮ್ನೆಬಂದೆ:

ಥ್ಯಾಂಕ್ಸ್ ಗುರುಗಳೇ. ಚಿಕ್ಕಮ್ಮ ನನ್ ಮಾತು ಕೇಳಲ್ಲ, ಈ ಪೇಜೇ ಪ್ರಿಂಟ್ ತೆಗ್ದು ಕೊಡ್ತೀನಿ.

ಕುತೂಹಲಿ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಾ ಅನ್ಕೊಂಡಿರ್ಲಿಲ್ಲ. ಕಸ ಕಾಗದ ಅಂತ ಕೇಳಿದ್ದೇ ತಪ್ಪು ಅನ್ಸತ್ತೆ ಈಗ, ಎಲ್ಲಿದೆ, ಹೊರಮೈಲಿ ಏನಿದೆ ಅಂತ ಕೇಳ್ಬೇಕಿತ್ತು. ಸೆಮಿನಾರ್ ಹಾಗೇ ಕಟ್ತೀನಿ, ರಾತ್ರಿಪಾಳಿಯವ್ರ ಮೆಟ್ಲು ಕಥೆನೂ ಹೇಳ್ತೀನಿ, ಹೆಸರು ಹೇಳಲ್ಲ.

ಒಂದೇ ಒಂದು ಡೌಟು. ಪ್ರಾಕ್ಟಿಕಲ್ಲಲ್ಲಿ ಪಿಟಿ, ಎಪಿಟಿಟಿ ಅನ್ನೋ ರಕ್ತ ಹೆಪ್ಪುಗಟ್ಟೋ ಹೊತ್ತು ಅಳೆಯೋ ಟೆಸ್ಟ್ ಮಾಡುವಾಗ ರೀಏಜೆಂಟಲ್ಲಿ ಫಾಸ್ಫೋಲಿಪಿಡ್, ಅಂದ್ರೆ ಪಿಎಸ್ ಥರದ ಪೊರೆ ಲಿಪಿಡ್, ಇರತ್ತಲ್ವಾ, ನಾವೇ ಹೊರಗಿಂದ ಹಾಕೋದು. ಹಾಗಿದ್ರೆ ಸ್ಕಾಟ್ ಸಿಂಡ್ರೋಮ್ ಇರೋರ ರಕ್ತದಲ್ಲಿ ಈ ಎರಡೂ ಟೆಸ್ಟ್ ನಾರ್ಮಲ್ ಬಂದ್ಬಿಡತ್ತಾ? ಪ್ಲೇಟ್ಲೆಟ್ ಎಣಿಕೆನೂ ಸರಿ, ಇದೂ ಸರಿ ಅಂದ್ರೆ ಕಂಡುಹಿಡಿಯೋದು ಹೇಗೆ?

ಪೊರೆಪುರಾಣ:

ಅಬ್ಬಾ, ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಹೂಂ, ಎರಡೂ ನಾರ್ಮಲ್ಲೇ ಬರತ್ತೆ, ನೀವು ಹೇಳಿದ ಕಾರಣಕ್ಕೇ. ಪ್ಲೇಟ್ಲೆಟ್ ಕೊಡ್ಬೇಕಾಗಿದ್ದ ಜಗಲಿನ ಟೆಸ್ಟ್ ಮಾಡೋರೇ ಕೊಟ್ಬಿಟ್ರು. ಇದಕ್ಕೆ ಹಳೇ ಕಾಲದ ಒಂದು ಟೆಸ್ಟ್ ಇದೆ, ಹೊರಗಿಂದ ಏನೂ ಹಾಕದೆ ರಕ್ತನ ತನ್ನಷ್ಟಕ್ಕೆ ಗಾಜಿನ ಟ್ಯೂಬಲ್ಲಿ ಗಟ್ಟಿಯಾಗೋಕೆ ಬಿಡೋದು, ಆಮೇಲೆ ಮೇಲೆ ನಿಂತ ಸೀರಮಲ್ಲಿ ಪ್ರೋಥ್ರಾಂಬಿನ್, ಅಂದ್ರೆ ಥ್ರಾಂಬಿನ್ ಆಗೋಕೆ ಮೊದಲಿನ ರೂಪ, ಎಷ್ಟು ಉಳ್ದಿದೆ ನೋಡೋದು. ಆರೋಗ್ಯವಾಗಿರೋರಲ್ಲಿ ಅದು ಬಹುಪಾಲು ಖರ್ಚಾಗಿರತ್ತೆ, ಸ್ಕಾಟ್ ಇರೋರಲ್ಲಿ ಹಾಗೇ ರಾಶಿ ಉಳ್ದಿರತ್ತೆ, ಕೂರೋಕೆ ಜಾಗ ಸಿಗದೇ. ಈಗ ಫ್ಲೋ ಸೈಟೋಮೀಟರಲ್ಲಿ ಪ್ಲೇಟ್ಲೆಟ್‌ಗೆ ಕ್ಯಾಲ್ಸಿಯಂ ನುಗ್ಗಿಸಿ ಅನೆಕ್ಸಿನ್ 5 ಅಂಟತ್ತಾ ಅಂತ ನೋಡ್ತಾರೆ, ಅನೆಕ್ಸಿನ್ ಪಿಎಸ್ ಇದ್ರೆ ಮಾತ್ರ ಅಂಟೋದು. ಸೆಮಿನಾರಲ್ಲಿ ಈ ಪ್ರಶ್ನೆನೇ ಮೊದಲನೇ ಸ್ಲೈಡ್ ಮಾಡಿ, ಎಲ್ಲಾ ರಿಪೋರ್ಟ್ ನಾರ್ಮಲ್, ರಕ್ತ ಮಾತ್ರ ನಿಲ್ತಿಲ್ಲ, ಏನಿಲ್ಲ ಇಲ್ಲಿ ಅಂತ ಕೇಳಿ ಒಂದು ನಿಮಿಷ ಸುಮ್ನಿರಿ.